ಪುಟಾಣಿ ಇಂಜಿನ್, ಭಾಗ 5: ಓಟ ಮೊದಲು, ಬಣ್ಣ ಆಮೇಲೆ

ಭಾಗ 4ರ ಫೋಟೋಗೆ ನೀವೆಲ್ಲ ಲೈಕ್ ಸುರಿಮಳೆ ಮಾಡಿದ್ರಿ. ಹಸಿರು ಬಾಡಿ, ಕಪ್ಪು ಚಿಮಣಿ, ಹಳಿ ಮೇಲೆ ಠೀವಿಯಿಂದ ನಿಂತ ಆರು ಚಕ್ರದ ಸ್ಟೀಮ್ ಇಂಜಿನ್. ಈಗ ನಿಜ ಹೇಳ್ತೀನಿ. ಆ ಇಂಜಿನ್ ಅವತ್ತು ಓಡ್ತಾ ಇರಲಿಲ್ಲ. ಫೋಟೋದಲ್ಲಿ ಅದು ಗೊತ್ತಾಗಲ್ಲ ಅಂತ ಗೊತ್ತಿದ್ದೇ ಹಾಕಿದ್ದು.

ಅದಕ್ಕೇ ಇವತ್ತಿನ ವಾದ: ಕಿಟ್ ಕಟ್ಟೋರು ಯಾರೇ ಆಗಲಿ, ಬಾಡಿ ಮುಟ್ಟೋ ಮೊದಲು ಬರೀ ಚಾಸಿ ಓಡಿಸಿ. ಪೋಸ್ಟ್ ಮಾಡೋದಾದ್ರೆ ಅದನ್ನೇ ಮೊದಲು ಮಾಡಿ.

ನಂದು ಓಓ ಸ್ಕೇಲ್. ನಿಜ ಇಂಜಿನ್‌ನ 76ನೇ ಒಂದು ಭಾಗ, ಎರಡು ಹಳಿಗಳ ನಡುವೆ 16.5 ಮಿ.ಮೀ. ಇಷ್ಟು ಚಿಕ್ಕದರಲ್ಲಿ ಕೂದಲೆಳೆಯಷ್ಟು ತಪ್ಪಿದ್ರೂ ಇಂಜಿನ್ ಕ್ಷಮಿಸಲ್ಲ. ನನ್ನದು ಚಕ್ರ ಪ್ರತಿ ಸುತ್ತಿಗೂ ಒಂದೇ ಜಾಗದಲ್ಲಿ ಗಕ್ ಅಂತ ಹಿಡ್ಕೊಳ್ತಿತ್ತು. ವೋಲ್ಟೇಜ್ ಏರಿಸಿದ್ರೆ ಕುಂಟ್ಕೊಂಡು ಹೋಗೋದು, ಮೋಟಾರ್ ಬಿಸಿಯಾಗೋದು. ನಾನು ಎರಡು ದಿನ ಮೋಟಾರನ್ನೇ ಬೈದೆ. ಪಾಪ, ಅದರ ತಪ್ಪೇನೂ ಇರಲಿಲ್ಲ.

ತಪ್ಪಿದ್ದದ್ದು ಚಕ್ರ ಕೂರಿಸಿದ ಕೋನದಲ್ಲಿ. ಮೈಸೂರಿನ ರೈಲ್ವೆ ಮ್ಯೂಸಿಯಂಗೆ ಹೋದಾಗ ಒಂದು ಸ್ಟೀಮ್ ಇಂಜಿನ್‌ನ ಎರಡೂ ಪಕ್ಕ ನೋಡಿ. ಚಕ್ರಗಳನ್ನ ಜೋಡಿಸೋ ಉದ್ದನೆ ರಾಡ್ ಒಂದು ಕಡೆ ಇರೋ ಸ್ಥಾನದಲ್ಲಿ ಇನ್ನೊಂದು ಕಡೆ ಇರಲ್ಲ, ಕಾಲು ಸುತ್ತು ಹಿಂದೆಮುಂದೆ ಇರುತ್ತೆ. ಒಂದು ಕಡೆಯ ಪಿಸ್ಟನ್ ತುದಿ ಮುಟ್ಟಿ ತಳ್ಳೋಕಾಗದೆ ನಿಂತಾಗ ಇನ್ನೊಂದು ಕಡೆಯದು ತಳ್ಳಲಿ ಅಂತ ಈ ಏರ್ಪಾಡು. ಮಾಡೆಲ್‌ನಲ್ಲಿ ಪಿಸ್ಟನ್ ತಳ್ಳಲ್ಲ, ಮೋಟಾರ್ ತಿರುಗಿಸುತ್ತೆ. ಆದ್ರೂ ಆ ಕೋನ ಬೇಕೇ ಬೇಕು. ಕರಾರುವಾಕ್ಕಾಗಿ 90 ಡಿಗ್ರಿ ಇಲ್ಲದಿದ್ರೂ ನಡೆಯುತ್ತೆ, ಆದ್ರೆ ಮೂರೂ ಆಕ್ಸಲ್‌ಗಳಲ್ಲಿ ಒಂದೇ ಥರ ಇರಬೇಕು. ನನ್ನ ನಡುವಿನ ಆಕ್ಸಲ್ ಸ್ವಲ್ಪ ತಿರುಗಿತ್ತು.

ಇದು ಗೊತ್ತಾಗಿದ್ದು ಎಲ್ಲಾ ಬಿಚ್ಚಿದ ಮೇಲೆ. ರಾಡ್ ಎರಡೂ ತೆಗೆದು 9 ವೋಲ್ಟ್ ಬ್ಯಾಟರಿ ಮುಟ್ಟಿಸಿದೆ, ಮೋಟಾರ್ ಗಿರ್ರ್ ಅಂತ ತಿರುಗ್ತು. ಒಂದು ಕಡೆ ರಾಡ್ ಹಾಕಿದೆ, ಆಗಲೂ ಸರಿ. ಇನ್ನೊಂದು ಕಡೆಯದೂ ಹಾಕಿದ ಕೂಡಲೇ ಗಕ್! ಕಳ್ಳ ಸಿಕ್ಕಿದ. ಮೊದಲೇ ಹೀಗೆ ಮಾಡಿದ್ರೆ ಅರ್ಧ ಗಂಟೆ ಕೆಲಸ. ಬಣ್ಣ ಆದ್ಮೇಲೆ ಮಾಡಿದ್ದಕ್ಕೆ ಒಂದು ಭಾನುವಾರ ಪೂರ್ತಿ ಹೋಯ್ತು, ಜೊತೆಗೆ ಬಾಡಿಯ ಎಡಗಡೆ ಬಣ್ಣ ಕೆತ್ತಿಹೋಯ್ತು. (ಎಣ್ಣೆ ಸುರಿದ್ರೆ ಸರಿಹೋಗುತ್ತೆ ಅಂತ ಕಾಮೆಂಟ್ ಮಾಡೋರೇ, ಸೂಜಿ ತುದಿಯಷ್ಟು ಸಾಕು. ಹೆಚ್ಚಾದ್ರೆ ಚಕ್ರಕ್ಕೆ ಹರಿದು ಕರೆಂಟೇ ಸರಿಯಾಗಿ ಸಿಗಲ್ಲ.)

"ರೆಡಿಮೇಡ್ ತಗೊಂಡಿದ್ರೆ ಆಗ್ತಿತ್ತಲ್ಲ ಗುರು" ಅಂತ ಕ್ಲಾಸಲ್ಲಿ ಒಬ್ಬ ಕೇಳಿದ. ಆಗ್ತಿತ್ತು, ಓಡ್ತಾನೂ ಇತ್ತು. ಆದ್ರೆ ಅದು ಕೆಟ್ಟು ನಿಂತ ದಿನ ನಾನೂ ಅದರ ಮುಂದೆ ಸುಮ್ನೆ ನಿಂತಿರ್ತಿದ್ದೆ. ಇದರ ಒಂದೊಂದು ಸ್ಕ್ರೂ ನನಗೆ ಗೊತ್ತು.

ಸ್ವೈಪ್ ಮಾಡಿ. ಮೊದಲ ವಿಡಿಯೋ ಕುಂಟೋದು, ಎರಡನೇದು ನಿನ್ನೆ ರಾತ್ರಿದು. ಸೌಂಡ್ ಆನ್ ಇರಲಿ. ಕೆತ್ತಿಹೋದ ಬಣ್ಣ ಹಾಗೇ ಇದೆ, ಇನ್ನೂ ಮುಟ್ಟಿಲ್ಲ.