ಕಬ್ಬಿನ ಟ್ರೇಲರಿಗೊಂದು ಓಡುವ ದೀಪ

ನವೆಂಬರ್ ಬಂತೆಂದರೆ ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ರಸ್ತೆಗಳ ಚಹರೆಯೇ ಬದಲಾಗುತ್ತದೆ. ಒಂದು ಟ್ರ್ಯಾಕ್ಟರ್, ಅದರ ಹಿಂದೆ ಎರಡು ಟ್ರೇಲರ್, ಅವುಗಳ ಮೇಲೆ ಗುಡ್ಡದಂತೆ ಹೇರಿದ ಕಬ್ಬು. ಸಂಕೇಶ್ವರದ ಹಿರಣ್ಯಕೇಶಿ, ಇತ್ತ ಘಟಪ್ರಭಾ ಎಂದು ಒಂದೊಂದು ಕಾರ್ಖಾನೆಯ ಕಡೆಗೆ ಹಗಲೂ ರಾತ್ರಿ ಸಾಲು ಸಾಗುತ್ತಲೇ ಇರುತ್ತದೆ. ಇಶಾ ನಮಾಝಿನ ನಂತರ ನೀವು ಆ ದಾರಿಯಲ್ಲಿ ಬೈಕಿನಲ್ಲಿ ಬಂದವರಾದರೆ ನಾನು ಏನು ಹೇಳಹೊರಟಿದ್ದೇನೆಂದು ನಿಮಗೆ ಆಗಲೇ ತಿಳಿದಿರಬೇಕು. ಎದುರಿನ ವಾಹನದ ಬೆಳಕು ಕಣ್ಣಿಗೆ ಹೊಡೆಯುವ ಆ ಒಂದು ಕ್ಷಣದಲ್ಲಿ ಮುಂದಿರುವುದು ರಸ್ತೆಯೋ ಕಬ್ಬೋ ತಿಳಿಯುವುದಿಲ್ಲ!

ನನ್ನ ಅಕ್ಕನ ಮನೆ ಮೂಡಲಗಿಯಲ್ಲಿ. ಭಾವ ಟ್ರ್ಯಾಕ್ಟರ್ ಓಡಿಸುತ್ತಾರೆ. ಹಂಗಾಮಿನ ನಾಲ್ಕೈದು ತಿಂಗಳು ಅವರು ಮನೆಗೆ ಬರುವವರೆಗೆ ಅಕ್ಕ ನಿದ್ದೆ ಮಾಡುವುದಿಲ್ಲ. "ನಾವು ಇನ್ನೊಬ್ಬರಿಗೆ ಹೊಡೆಯುತ್ತೇವೆಂಬ ಹೆದರಿಕೆ ಇಲ್ಲ. ಹಿಂದಿನಿಂದ ಯಾರ ಮಗ ಬಂದು ನಮ್ಮ ಗಾಡಿಗೆ ಸಿಕ್ಕಿಕೊಳ್ಳುತ್ತಾನೋ ಎಂಬುದೇ ಹೆದರಿಕೆ" ಎನ್ನುತ್ತಾಳೆ ಅವಳು. ಕಳೆದ ಹಂಗಾಮಿನಲ್ಲಿ ಅವರ ಮಗ, ಡಿಪ್ಲೊಮಾ ಓದುವ ಹುಡುಗ, "ಖಾಲಾ, ಅಬ್ಬಾನ ಗಾಡಿಗೆ ಓಡುವ ದೀಪ ಮಾಡ್ತೀನಿ" ಎಂದಾಗ ನನಗೆ ಮೊದಲು ಸಿಟ್ಟೇ ಬಂತು. ಮದುವೆ ಮಂಟಪದಂತೆ ಏಳು ಬಣ್ಣದ ದೀಪ ಕುಣಿಸುತ್ತಾ, ಹಾಡು ಹಚ್ಚಿಕೊಂಡು ಓಡುವ ಟ್ರ್ಯಾಕ್ಟರ್‌ಗಳನ್ನು ನೀವೂ ನೋಡಿದ್ದೀರಲ್ಲವೇ? ಆದರೆ ಅವನ ಲೆಕ್ಕಾಚಾರ ಬೇರೆಯಿತ್ತು.

ಸಾಮಾನ್ಯ ವಾಹನದಲ್ಲಿ ತಿರುವಿನ ದೀಪಗಳು ಎರಡು ಅಂಚಿನಲ್ಲಿರುತ್ತವೆ. ಬಲಗಡೆಯದು ಮಿಣುಕಿದರೆ ಬಲಕ್ಕೆ ಎಂದು ನಾವು ಓದಿಕೊಳ್ಳುತ್ತೇವೆ. ಕಬ್ಬು ಹೇರಿದಾಗ ಅದರ ತುದಿಗಳು ಹಿಂದಕ್ಕೆ ಚಾಚಿ ಒಂದು ದೀಪವನ್ನೋ ಎರಡನ್ನೋ ಮುಚ್ಚಿಬಿಡುತ್ತವೆ. ಆಗ ಕತ್ತಲಲ್ಲಿ ಕಾಣುವುದು ಒಂದೇ ಮಿಣುಕು. ಅದು ಬಲದ್ದೋ ಎಡದ್ದೋ ಅಥವಾ ಗಾಡಿ ಕೆಟ್ಟು ನಿಂತಿದೆಯೋ? ಹೇಳುವುದು ಹೇಗೆ? ಟ್ರ್ಯಾಕ್ಟರ್ ಬಲಕ್ಕೆ ಕಾರ್ಖಾನೆಯ ದಾರಿ ಹಿಡಿಯುವಾಗ ಬಲದಿಂದಲೇ ಹಿಂದಿಕ್ಕಲು ಬರುವ ಬೈಕ್ ಸವಾರನಿಗೆ ಈ ಗೊಂದಲವೇ ಮುಳುವು. ದೀಪವು ಒಳಗಿನಿಂದ ಹೊರಕ್ಕೆ ಒಂದೊಂದಾಗಿ ಹೊತ್ತಿಕೊಂಡು ಬಲಕ್ಕೆ ಓಡಿದರೆ, ಒಂದೇ ದೀಪ ಕಂಡರೂ ದಿಕ್ಕು ತಿಳಿಯುತ್ತದೆ.

ಈ ಯೋಚನೆ ಹೊಸದೇನಲ್ಲ. ಅಮೆರಿಕದ ಫೋರ್ಡ್ ಥಂಡರ್‌ಬರ್ಡ್ ಕಾರಿಗೆ 1965ರಲ್ಲೇ ಇಂಥ ದೀಪವಿತ್ತು. ಪುಟ್ಟ ಮೋಟಾರೊಂದು ತಿರುಗುತ್ತಾ ಸ್ವಿಚ್‌ಗಳನ್ನು ಒಂದೊಂದಾಗಿ ಒತ್ತುತ್ತಿತ್ತು. ಇಂದು ಆ ಕೆಲಸವನ್ನು ಮೈಕ್ರೋಕಂಟ್ರೋಲರ್ ಎಂಬ ಚಿಪ್ ಮಾಡುತ್ತದೆ. ಒಮ್ಮೆ ಕಂಪ್ಯೂಟರಿನಿಂದ ಪಾಠ ಹೇಳಿಕೊಟ್ಟರೆ ಸಾಕು, ಮರೆಯುವುದಿಲ್ಲ. ಹುಡುಗ ಆರ್ಡುಯಿನೋ ನ್ಯಾನೋ ಎಂಬ ಬೆರಳುದ್ದದ ಬೋರ್ಡ್ ತಂದ. ಅದರಲ್ಲಿರುವುದು ಎಟಿಮೆಗಾ 328 ಚಿಪ್.

ಮೊದಲ ಪ್ರಯತ್ನ ಕೈಕೊಟ್ಟಿತು. ಎಡಕ್ಕೂ ಬಲಕ್ಕೂ ಒಂದೊಂದು ಬೋರ್ಡ್ ಇಟ್ಟು, ಮಿಣುಕುವ ತಂತಿಯಿಂದಲೇ ಅವಕ್ಕೆ ವಿದ್ಯುತ್ ಕೊಟ್ಟ. ಒಂದು ದೀಪವೂ ಹೊತ್ತಲಿಲ್ಲ! ಎರಡು ರಾತ್ರಿ ತಲೆ ಕೆಡಿಸಿಕೊಂಡ ಮೇಲೆ ಕಾರಣ ಸಿಕ್ಕಿತು. ತಿರುವಿನ ದೀಪ ನಿಮಿಷಕ್ಕೆ 60ರಿಂದ 120 ಬಾರಿ ಮಿಣುಕಬೇಕು. 90 ಎಂದಿಟ್ಟುಕೊಂಡರೆ ಪ್ರತಿ ಸಲ ವಿದ್ಯುತ್ ಇರುವುದು ಸೆಕೆಂಡಿನ ಮೂರನೇ ಒಂದು ಭಾಗ ಮಾತ್ರ. ಈ ಬೋರ್ಡಿಗೋ ಎಚ್ಚರವಾಗಿ ಕೆಲಸಕ್ಕಿಳಿಯಲು ಸುಮಾರು ಒಂದು ಸೆಕೆಂಡ್ ಬೇಕು. ಅದು ಕಣ್ಣುಜ್ಜಿಕೊಳ್ಳುವಷ್ಟರಲ್ಲಿ ದೀಪದ ಸರದಿ ಮುಗಿದಿರುತ್ತದೆ. ಆದ್ದರಿಂದ ಬೋರ್ಡಿಗೆ ನಿರಂತರ ವಿದ್ಯುತ್ ಕೊಟ್ಟು, ಮಿಣುಕುವ ತಂತಿಯನ್ನು ಬರೇ ಸಂದೇಶವಾಗಿ ಬಳಸಬೇಕು. ಆಗ ಎರಡೂ ಬದಿಗೆ ಒಂದೇ ಬೋರ್ಡ್ ಸಾಕು. ಇಂಜಿನ್ ಓಡುವಾಗ ಆ ತಂತಿಯಲ್ಲಿ ಸುಮಾರು 14 ವೋಲ್ಟ್ ಇರುತ್ತದೆ, ಚಿಪ್ ತಡೆಯುವುದು 5 ಮಾತ್ರ. 10 ಕಿಲೋ ಓಮ್ ಮತ್ತು 4.7 ಕಿಲೋ ಓಮ್‌ನ ಎರಡು ರೆಸಿಸ್ಟರ್‌ಗಳಲ್ಲಿ ಹಂಚಿದರೆ ಚಿಪ್‌ಗೆ ಸಿಗುವುದು ನಾಲ್ಕೂವರೆ ವೋಲ್ಟ್.

ದೀಪಗಳ ಲೆಕ್ಕ ಸುಲಭ. ಕಿತ್ತಳೆ ಬಣ್ಣದ ಎಲ್‌ಇಡಿಯೊಂದು ಸುಮಾರು 2.1 ವೋಲ್ಟ್ ತಿನ್ನುತ್ತದೆ. ಮೂರನ್ನು ಸಾಲಾಗಿ ಜೋಡಿಸಿದರೆ 6.3. ಚಿಪ್‌ನ ಕಾಲುಗಳಿಗೆ ಇಷ್ಟು ದೀಪ ಹೊರುವ ಶಕ್ತಿಯಿಲ್ಲದ ಕಾರಣ ನಡುವೆ ಯುಎಲ್‌ಎನ್ 2003 ಎಂಬ ಐಸಿ ಬೇಕು, ಅದಕ್ಕೊಂದು ವೋಲ್ಟ್ ಹೋಯಿತು. ಉಳಿದ 6.7 ವೋಲ್ಟನ್ನು 390 ಓಮ್‌ನ ರೆಸಿಸ್ಟರ್ ಹೀರಿಕೊಂಡರೆ 17 ಮಿಲಿ ಆಂಪಿಯರ್ ಹರಿಯುತ್ತದೆ. ಎಲ್‌ಇಡಿ ಬಾಳಿಕೆಗೆ ಅದು ಹಿತ. ಹಗಲಿನಲ್ಲೂ ಕಾಣಲೆಂದು ಪ್ರತಿ ಗುಂಪಿಗೆ ಇಂಥ ಎರಡು ಸಾಲು, ಒಂದು ಬದಿಗೆ ಐದು ಗುಂಪು. ಒಂದರಿಂದ ಇನ್ನೊಂದಕ್ಕೆ 40 ಮಿಲಿಸೆಕೆಂಡ್ ಅಂತರ, ಆಮೇಲೆ ಐದೂ ಉರಿಯುತ್ತಾ ನಿಂತು ಒಟ್ಟಿಗೇ ಆರಬೇಕು. ಅಂತಾರಾಷ್ಟ್ರೀಯ ನಿಯಮದ ಪ್ರಕಾರ ಈ ಓಟ 200 ಮಿಲಿಸೆಕೆಂಡಿನೊಳಗೆ ಮುಗಿಯಬೇಕು. ಇಲ್ಲಿ 160ಕ್ಕೇ ಮುಗಿಯುತ್ತದೆ. ನಿಧಾನವಾಗಿ ಓಡಿಸಿದರೆ ನೋಡಲು ಚೆಂದ, ಆದರೆ ಹಿಂದಿನವನಿಗೆ ಸಂದೇಶ ತಡವಾಗುತ್ತದೆ.

ಹಳೆಯ ಫ್ಲಾಷರ್ ಬಲ್ಬಿನ ಭಾರಕ್ಕೆ ಒಗ್ಗಿದ್ದು. ಬಲ್ಬ್ ಕಿತ್ತು ಬರೇ ಎಲ್‌ಇಡಿ ಹಾಕಿದರೆ ಅದು ಮಿಣುಕುವುದನ್ನೇ ಮರೆಯಬಹುದು. ಹೇಗೂ ಕಂಪೆನಿ ಕೊಟ್ಟ ದೀಪಗಳನ್ನು ತೆಗೆಯಲೇಬಾರದು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ವಾಹನದ ಮೂಲರೂಪ ಬದಲಿಸುವುದನ್ನು ಒಪ್ಪುವುದಿಲ್ಲ. ಇದು ಹೆಚ್ಚುವರಿಯಾಗಿ ತೂಗುಹಾಕುವ ಹಲಗೆ ಅಷ್ಟೆ. ಅದಕ್ಕೂ ಮೊದಲು ಆರ್‌ಟಿಓ ಕಚೇರಿಯಲ್ಲಿ ಕೇಳಿಕೊಳ್ಳುವುದು ಒಳ್ಳೆಯದು. ಗೋಕಾಕದವರಿಗೆ ಕಚೇರಿ ಊರಲ್ಲೇ ಇದೆಯಲ್ಲ.

ಸರ್ಕ್ಯೂಟಿಗಿಂತ ಹೆಚ್ಚು ಕಾಡಿದ್ದು ರಸ್ತೆ. ಕುಲುಕಾಟಕ್ಕೆ ಬೆಸುಗೆ ಬಿಡುತ್ತದೆ. ಧೂಳು, ಕಬ್ಬಿನ ಹಾಲು, ಇಬ್ಬನಿ ಒಳಸೇರುತ್ತವೆ. ಆದ್ದರಿಂದ ಮುಚ್ಚಿದ ಪ್ಲಾಸ್ಟಿಕ್ ಡಬ್ಬಿ, ಬಹು ಎಳೆಯ ಮೆದು ತಂತಿ, ಒಂದು ಆಂಪಿಯರ್ ಫ್ಯೂಸ್, ತಂತಿ ಉಲ್ಟಾ ಜೋಡಿಸಿದರೆ ಸುಡದಂತೆ ಒಂದು ಡಯೋಡ್, 5 ವೋಲ್ಟಿಗೆ ಇಳಿಸುವ ಪುಟ್ಟ ಕನ್ವರ್ಟರ್. ಇನ್ನೊಂದು ಮಾತು: ಟ್ರೇಲರಿನ ಕೊಂಡಿಯನ್ನೇ ಅರ್ತಿಂಗ್ ಎಂದು ನಂಬಬೇಡಿ. ತುಕ್ಕು ಹಿಡಿದ ಕೊಂಡಿಯಿಂದಾಗಿಯೇ ಎಷ್ಟೋ ಗಾಡಿಗಳ ದೀಪ ಮಂಕಾಗಿರುತ್ತದೆ. ಪ್ರತ್ಯೇಕ ಅರ್ತ್ ತಂತಿ ಎಳೆಯಿರಿ. ಕಬ್ಬು ಹೇರಿದ ಮೇಲೆ ಹಲಗೆಯನ್ನು ಕೊನೆಯ ಟ್ರೇಲರಿನ ಹಿಂದೆ ಕೊಕ್ಕೆಯಿಂದ ಕಟ್ಟಿ ಪ್ಲಗ್ ಸಿಕ್ಕಿಸಬೇಕು. ಕಾರ್ಖಾನೆಯಲ್ಲಿ ಇಳಿಸುವ ಮುನ್ನ ಬಿಚ್ಚಲು ಮರೆತರೆ ಗಾಣಕ್ಕೆ ಕಬ್ಬಿನ ಜೊತೆ ಅದೂ ಹೋದೀತು!

ಒಂದು ವಿಷಯದಲ್ಲಿ ಹುಡುಗನ ಜೊತೆ ನನ್ನ ವಾದ ಇನ್ನೂ ಮುಗಿದಿಲ್ಲ. ಇಷ್ಟೆಲ್ಲ ಮಾಡಿದರೂ ಗಾಡಿ ಕೆಟ್ಟು ಬ್ಯಾಟರಿ ಸತ್ತು ನಿಂತಾಗ ಚಿಪ್ ಏನೂ ಮಾಡದು. ಆಗ ಜೀವ ಉಳಿಸುವುದು ಕೆಲವೇ ರೂಪಾಯಿಯ ಕೆಂಪು ಪ್ರತಿಫಲಕ ಪಟ್ಟಿ. ಮೊದಲು ಅದನ್ನು ಅಂಟಿಸು, ಸ್ಥಿರವಾದ ಕೆಂಪು ದೀಪ ಸರಿಮಾಡು, ಆಮೇಲೆ ಓಡುವ ದೀಪ ಎಂದೆ. ಅವನು ಮೂರನ್ನೂ ಒಂದೇ ಹಲಗೆಗೆ ಸೇರಿಸಿದ.

1887ರಲ್ಲೇ ಜಲಪಾತದಿಂದ ವಿದ್ಯುತ್ ತೆಗೆದ ಊರು ಗೋಕಾಕ. 1969ರಲ್ಲಿ ಜನರೇ ಸೇರಿ ವಿದ್ಯುತ್ ಸಹಕಾರಿ ಸಂಘ ಕಟ್ಟಿಕೊಂಡ ತಾಲೂಕು ಹುಕ್ಕೇರಿ. ಆ ಸೀಮೆಯ ಗ್ಯಾರೇಜುಗಳಲ್ಲಿ ಕೈಚಳಕದ ಹುಡುಗರಿಗೆ ಕೊರತೆಯಿಲ್ಲ. ನಿಮ್ಮ ಮನೆಯಲ್ಲೂ ಹಳೆಯ ರೇಡಿಯೋ ಬಿಚ್ಚಿ ಕೂರುವ ಮಗನೋ ಮಗಳೋ ಇದ್ದರೆ ಬೈಯುವ ಮುನ್ನ ಈ ಲೇಖನ ಕೈಗೆ ಕೊಡಿ. ಅಕ್ಕ ಈಗಲೂ ಎಚ್ಚರವಾಗಿಯೇ ಇರುತ್ತಾಳೆ. ಓಣಿಯ ತಿರುವಿನಲ್ಲಿ ದೀಪ ಎಡಕ್ಕೆ ಓಡಿದ್ದು ಕಿಟಕಿಯಿಂದ ಕಂಡ ಮೇಲೆ ಎದ್ದು ರೊಟ್ಟಿ ಬಿಸಿ ಮಾಡುತ್ತಾಳಂತೆ.