ದೊಡ್ಡ ಬಾಕ್ಸರ್‌ಗೆ ಸಣ್ಣವನೇ ಏಕೆ ಕಷ್ಟ?

2024ರ ಪ್ಯಾರಿಸ್ ಒಲಿಂಪಿಕ್ಸ್‌ನ 71 ಕೆ.ಜಿ. ವಿಭಾಗದ ಕ್ವಾರ್ಟರ್ ಫೈನಲ್‌ನಲ್ಲಿ ಮೆಕ್ಸಿಕೊದ ಮಾರ್ಕೊ ವರ್ಡೆ ಎದುರು ನಿಶಾಂತ್ ದೇವ್ 1–4ರಿಂದ ಸೋತರು. ತೀರ್ಪಿನ ಬಗ್ಗೆ ದೇಶದಾದ್ಯಂತ ಆಕ್ಷೇಪ ಎದ್ದಿತು. ಆದರೆ ನಮ್ಮ ಮೈಸೂರಿನ ಗೋಕುಲಂನಲ್ಲಿ, ಜಿಮ್ ಮುಗಿಸಿ ಟೀ ಕುಡಿಯಲು ನಿಲ್ಲುವ ಹುಡುಗರ ಬಾಯಲ್ಲಿ ನಾನು ಹೆಚ್ಚಾಗಿ ಕೇಳಿದ್ದು ಬೇರೆಯೇ ಮಾತು: ‘ಹಿಂದಿನ ಪಂದ್ಯದಲ್ಲೇ ಈಕ್ವೆಡಾರ್‌ನವನ ಮೇಲೆ 3–2ರಲ್ಲಿ ಹೆಂಗೋ ಪಾರಾಗಿದ್ದ. ಇವನೇನ್ ದೊಡ್ಡ ಬಾಕ್ಸರ್?’

ನಿಶಾಂತ್ ಹರಿಯಾಣದ ಕರ್ನಾಲ್‌ನವರಾದರೂ ಅವರ ಬಾಕ್ಸಿಂಗ್ ಪಳಗಿದ್ದು ಬಳ್ಳಾರಿ ಸೀಮೆಯ ವಿಜಯನಗರದಲ್ಲಿರುವ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್‌ನಲ್ಲಿ. 2021ರಲ್ಲಿ ರಾಷ್ಟ್ರೀಯ ಚಿನ್ನ ಗೆದ್ದಿದ್ದು ಕರ್ನಾಟಕದ ಪರವಾಗಿ. ಹಾಗಾಗಿ ಆ ಹುಡುಗರ ಪ್ರಶ್ನೆ ನಮ್ಮ ಮನೆಯ ಪ್ರಶ್ನೆಯೂ ಹೌದು. ತನಗಿಂತ ಕಡಿಮೆಯವನ ಎದುರು ಒದ್ದಾಡಿದವನನ್ನು ದೊಡ್ಡವನೆನ್ನಬಹುದೇ?

ಎನ್ನಬಹುದು. ಮುಹಮ್ಮದ್ ಅಲಿಯವರ ದಾಖಲೆಯನ್ನೇ ನೋಡಿ. ಜೋ ಫ್ರೇಜರ್ 1971ರಲ್ಲಿ ಅಲಿಯನ್ನು ಸೋಲಿಸಿದರು, 1973ರ ಮಾರ್ಚ್‌ನಲ್ಲಿ ಕೆನ್ ನಾರ್ಟನ್ ಸೋಲಿಸಿದರು. ಈ ಇಬ್ಬರನ್ನೂ ಜಾರ್ಜ್ ಫೋರ್‌ಮನ್ ಎರಡೆರಡು ಸುತ್ತಿನಲ್ಲೇ ಮುಗಿಸಿದರು. ಲೆಕ್ಕದ ಪ್ರಕಾರ ಫೋರ್‌ಮನ್ ಎದುರು ಅಲಿಗೆ ಉಳಿಗಾಲವೇ ಇರಬಾರದಿತ್ತು. 1974ರ ಅಕ್ಟೋಬರ್ 30ರಂದು ಕಿನ್ಶಾಸಾದಲ್ಲಿ ಎಂಟನೇ ಸುತ್ತಿಗೆ ನೆಲಕ್ಕೆ ಬಿದ್ದವರು ಫೋರ್‌ಮನ್. ‘ಅವನು ಇವನನ್ನು ಹೊಡೆದ, ಇವನು ಮತ್ತೊಬ್ಬನನ್ನು ಹೊಡೆದ’ ಎಂಬ ಸರಪಳಿ ಲೆಕ್ಕ ಬಾಕ್ಸಿಂಗ್‌ಗೆ ಒಗ್ಗುವುದೇ ಇಲ್ಲ.

ನಾರ್ಟನ್ ಎದುರಿನ ಕಷ್ಟಕ್ಕೆ ಸ್ಪಷ್ಟ ಕಾರಣವಿತ್ತು. ಅಲಿಯ ಆಟವೆಲ್ಲ ನಿಂತಿದ್ದು ಎಡಗೈ ಜ್ಯಾಬ್ ಮೇಲೆ. ಎದುರಾಳಿಗಳು ಆ ಜ್ಯಾಬ್‌ನಿಂದ ತಪ್ಪಿಸಿಕೊಳ್ಳಲು ನೋಡುತ್ತಿದ್ದರು. ನಾರ್ಟನ್ ಅವರ ತರಬೇತುದಾರ ಎಡ್ಡಿ ಫಚ್ ಬೇರೆ ದಾರಿ ಹಿಡಿದರು. ಜ್ಯಾಬ್ ಬಿಡುವ ಗಳಿಗೆಯಲ್ಲಿ ಅಲಿಯ ಬಲಗೈ ಇರಬೇಕಾದ ಜಾಗದಲ್ಲಿರುವುದಿಲ್ಲ ಎಂಬುದನ್ನು ಅವರು ಕಂಡುಕೊಂಡಿದ್ದರು. ಅದೇ ಗಳಿಗೆಗೆ ನೀನೂ ಜ್ಯಾಬ್ ಬಿಡು ಎಂಬುದು ಅವರ ಪಾಠ. ತೋಳುಗಳನ್ನು ಅಡ್ಡಡ್ಡ ಕಟ್ಟಿ, ಕಾಲೆಳೆಯುತ್ತಾ ಮುಂದೆ ಬರುತ್ತಿದ್ದ ನಾರ್ಟನ್‌ಗೆ ಇದು ಹೇಳಿ ಮಾಡಿಸಿದಂತಿತ್ತು. ಆ ದಿನ ಅಲಿಯ ದವಡೆ ಮುರಿಯಿತು. ಆದರೂ ಅವರು 12 ಸುತ್ತು ಮುಗಿಸಿಯೇ ಇಳಿದರು. ಆರು ತಿಂಗಳೊಳಗೆ ಅದೇ ನಾರ್ಟನ್ ಎದುರು ನಿಂತು ಕೂದಲೆಳೆ ಅಂತರದಲ್ಲಿ ಗೆದ್ದರು. 1976ರ ಮೂರನೇ ಪಂದ್ಯವನ್ನೂ ಗೆದ್ದರು, ಆ ತೀರ್ಪಿನ ಬಗ್ಗೆ ತಕರಾರು ಇನ್ನೂ ಇದೆ. ನಾರ್ಟನ್ ಎಂಬ ಗಂಟನ್ನು ಅಲಿ ಕೊನೆಯವರೆಗೂ ಪೂರ್ತಿ ಬಿಡಿಸಲಿಲ್ಲ. ಆದರೆ ಅದನ್ನು ಬಿಟ್ಟು ಓಡಲೂ ಇಲ್ಲ.

ಹಾಗೆಂದು ಎಲ್ಲ ಒದ್ದಾಟವನ್ನೂ ಶೈಲಿಯ ತಲೆಗೆ ಕಟ್ಟುವುದು ಸರಿಯಲ್ಲ. 1976ರಲ್ಲಿ 230 ಪೌಂಡ್ ತೂಗುತ್ತಾ ಜಿಮ್ಮಿ ಯಂಗ್ ಎದುರು ರಿಂಗ್‌ಗೆ ಇಳಿದ ಅಲಿ, ತಯಾರಿಯನ್ನೇ ಕೈಬಿಟ್ಟಿದ್ದ ಅಲಿ. ತೀರ್ಪು ಅವರ ಪರ ಬಂತು, ನನಗೆ ಅದು ಇಂದಿಗೂ ಒಪ್ಪಿಗೆಯಿಲ್ಲ. 1978ರ ಫೆಬ್ರುವರಿಯಲ್ಲಿ ಆಗಷ್ಟೇ ವೃತ್ತಿಗೆ ಬಂದಿದ್ದ ಲಿಯಾನ್ ಸ್ಪಿಂಕ್ಸ್ ಎದುರು ಬೆಲ್ಟ್ ಕಳೆದುಕೊಂಡಿದ್ದೂ ಅಸಡ್ಡೆಗೆ ತೆತ್ತ ಬೆಲೆ. ಅಲಿಯ ಲೆಕ್ಕದಲ್ಲಿ ಇವನ್ನು ಕಳೆಯಲೇಬೇಕು. ಸೆಪ್ಟೆಂಬರ್‌ನಲ್ಲಿ ಸ್ಪಿಂಕ್ಸ್ ಅವರನ್ನು ಸೋಲಿಸಿ ಬೆಲ್ಟ್ ಮರಳಿ ಪಡೆದದ್ದನ್ನು ಕೂಡಲೂ ಬೇಕು.

ನನ್ನ ಅಳತೆಗೋಲು ಇದೇ: ಕೆಟ್ಟ ರಾತ್ರಿಯೊಂದನ್ನು ಕಂಡ ಮೇಲೆ ಬಾಕ್ಸರ್ ಯಾರ ಎದುರು ಹೋಗಿ ನಿಂತ? ಈ ಅಳತೆಯಲ್ಲಿ ಲೆನ್ನಾಕ್ಸ್ ಲೂಯಿಸ್ ಅವರಿಗೆ ಸಿಗಬೇಕಾದಷ್ಟು ಮನ್ನಣೆ ಸಿಕ್ಕಿಲ್ಲ. 1994ರಲ್ಲಿ ಆಲಿವರ್ ಮೆಕಾಲ್, 2001ರ ಏಪ್ರಿಲ್‌ನಲ್ಲಿ ಹಾಸಿಮ್ ರಹಮಾನ್, ಇಬ್ಬರೂ ಲೂಯಿಸ್ ಅವರನ್ನು ನಾಕೌಟ್ ಮಾಡಿದರು. ಇಬ್ಬರೂ ಪ್ರತಿಭೆಯಲ್ಲಿ ಅವರಿಗೆ ಸಾಟಿಯಾದವರಲ್ಲ. ಇಬ್ಬರನ್ನೂ ಲೂಯಿಸ್ ಮತ್ತೆ ಎದುರಿಸಿ ಸೋಲಿಸಿದರು, ರಹಮಾನ್‌ರನ್ನು ಏಳೇ ತಿಂಗಳಲ್ಲಿ, ನಾಲ್ಕನೇ ಸುತ್ತಿಗೆ. ನಿವೃತ್ತರಾಗುವಾಗ ತಮ್ಮೊಡನೆ ವೃತ್ತಿಪರ ರಿಂಗ್ ಹಂಚಿಕೊಂಡ ಪ್ರತಿಯೊಬ್ಬರನ್ನೂ ಅವರು ಒಮ್ಮೆಯಾದರೂ ಗೆದ್ದಿದ್ದರು. ನಮ್ಮ ಹುಡುಗರು ಬಾಯಿಪಾಠ ಮಾಡಿಕೊಂಡಿರುವುದು ಮೇವೆದರ್ ಅವರ 50–0. ಅದರೊಳಗೂ 2002ರ ಹೊಸೆ ಲೂಯಿಸ್ ಕ್ಯಾಸ್ಟಿಲೊ ಪಂದ್ಯವಿದೆ. ಕ್ಯಾಸ್ಟಿಲೊ ಗೆದ್ದರೆಂದೇ ಅನೇಕರು ನಂಬಿದ್ದ ಪಂದ್ಯ ಅದು. ಅದೇ ವರ್ಷ ಮೇವೆದರ್ ಅವರನ್ನು ಮತ್ತೆ ಎದುರಿಸಿದರು. ಆ ಸೊನ್ನೆಗಿಂತ ನನಗೆ ಮುಖ್ಯವೆನಿಸುವುದು ಈ ಮರುಪಂದ್ಯ.

ಯಾರಿಗೆ ಯಾರು ಕಷ್ಟ ಎಂಬ ವಿದ್ಯೆ ಮೈಸೂರಿಗೆ ಹೊಸದೇನೂ ಅಲ್ಲ. ದಸರಾ ಕುಸ್ತಿಗೆ ಜೋಡಿ ಕಟ್ಟುವಾಗ ಉಸ್ತಾದರು ತೂಕವೊಂದನ್ನೇ ನಂಬಿ ಕೂರುವುದಿಲ್ಲ. ಇಬ್ಬರನ್ನೂ ಎದುರುಬದುರು ನಿಲ್ಲಿಸಿ ಎತ್ತರ, ಮೈಕಟ್ಟು ನೋಡುತ್ತಾರೆ. ಯಾವ ಗರಡಿಯವನು, ಹಿಂದೆ ಯಾರ ಜೊತೆ ಹಿಡಿದಿದ್ದಾನೆ ಎಂದು ವಿಚಾರಿಸುತ್ತಾರೆ. ಹೆಸರುವಾಸಿ ಪೈಲ್ವಾನನೊಬ್ಬ ಯಾರೂ ಕೇಳದ ಹುಡುಗನ ಜೊತೆ ಸಮಬಲದಲ್ಲಿ ಮುಗಿಸಿದರೆ ಮಟ್ಟಿಯ ಸುತ್ತ ಕೂತ ಹಿರಿಯರು ಪೈಲ್ವಾನನನ್ನು ಹಳಿಯುವುದಿಲ್ಲ, ಹುಡುಗನ ಪಟ್ಟು ಯಾವುದೆಂದು ಕೇಳುತ್ತಾರೆ.

ಒಲಿಂಪಿಕ್ ಬಾಕ್ಸಿಂಗ್‌ನಲ್ಲಿ ಇರುವುದು ತಲಾ ಮೂರು ನಿಮಿಷದ ಮೂರು ಸುತ್ತು, ಐವರು ತೀರ್ಪುಗಾರರು. ಎದುರಾಳಿಯ ಗುಟ್ಟು ತಿಳಿಯುವಷ್ಟರಲ್ಲಿ ಗಂಟೆ ಬಾರಿಸಿರುತ್ತದೆ. ಸೋತರೆ ಅಲ್ಲಿಗೆ ಮನೆ, ಮರುಪಂದ್ಯದ ಮಾತಿಲ್ಲ. ಅಲಿಗೆ ನಾರ್ಟನ್ ಎದುರು ಮೂರು ಪಂದ್ಯಗಳಲ್ಲಿ 39 ಸುತ್ತು ಸಿಕ್ಕಿದ್ದವು. ಒಂಬತ್ತು ನಿಮಿಷದ ಒಂದು 3–2 ಹಿಡಿದುಕೊಂಡು ಯಾರನ್ನೇ ಆಗಲಿ ದೊಡ್ಡವನು, ಸಣ್ಣವನು ಎಂದು ಅಳೆಯುವುದು ಅನ್ಯಾಯ. ಜಿಲ್ಲಾ ಮಟ್ಟದಲ್ಲಿ ಒಂದು ಸೋಲಿಗೇ ಹುಡುಗರ ಹೆಸರು ಕೈಬಿಡುವ ಆಯ್ಕೆದಾರರಿಗೂ ಈ ಮಾತು ಅನ್ವಯಿಸುತ್ತದೆ. ಸೋತವನಿಗೆ ಅದೇ ಎದುರಾಳಿಯ ಜೊತೆ ಇನ್ನೊಂದು ಪಂದ್ಯ ಏರ್ಪಡಿಸಲು ದೊಡ್ಡ ಬಜೆಟ್ ಬೇಕಿಲ್ಲ.

ನಿಶಾಂತ್ ವಿಷಯದಲ್ಲಿ ಟೀ ಅಂಗಡಿಯ ಹುಡುಗರು ಮರೆತದ್ದೊಂದಿದೆ. ಪ್ಯಾರಿಸ್‌ನಲ್ಲಿ ಅವರನ್ನು ಸೋಲಿಸಿದ ವರ್ಡೆಯನ್ನು 2021ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ನಿಶಾಂತ್ ಸೋಲಿಸಿದ್ದರು. ಅಲ್ಲಿಗೆ ಲೆಕ್ಕ 1–1. ವರ್ಡೆ ಪ್ಯಾರಿಸ್‌ನಿಂದ ಬೆಳ್ಳಿಯೊಂದಿಗೆ ಮರಳಿದರು. ನಿಶಾಂತ್ 2025ರ ಜನವರಿಯಲ್ಲಿ ಲಾಸ್ ವೇಗಸ್‌ನಲ್ಲಿ ವೃತ್ತಿಪರ ಬಾಕ್ಸಿಂಗ್‌ಗೆ ಕಾಲಿಟ್ಟು ಮೊದಲ ಸುತ್ತಿನಲ್ಲೇ ಗೆದ್ದರು. ಈಗ ವರ್ಡೆಯೂ ವೃತ್ತಿಪರರೇ. ಮೂರನೇ ಪಂದ್ಯ ನಡೆಯಲಿ, ಹತ್ತೋ ಹನ್ನೆರಡೋ ಸುತ್ತಿನದಾಗಲಿ. ಅದನ್ನು ನಿಶಾಂತ್ ತಾವೇ ಕೇಳಿ ಪಡೆಯಲಿ ಎಂಬುದು ನನ್ನ ಆಸೆ.