ಬರಗಾಲದಲ್ಲಿ ರೈತನ ದೇಹ, ಮನಸ್ಸು ಮತ್ತು ಊರಿನ ಹೊಣೆ

2023ನೆಯ ಇಸವಿಯಲ್ಲಿ ಮುಂಗಾರು ಕೈಕೊಟ್ಟಾಗ ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಸರ್ಕಾರದವರು ಬರಪೀಡಿತವೆಂದು ಸಾರಿದರು. ಅಂತಹ ವರ್ಷಗಳಲ್ಲಿ ಪೈರಿನ ನಷ್ಟವೆಷ್ಟು, ಮೇವು ಎಷ್ಟು ವಾರಕ್ಕೆ ಸಾಲುವುದು, ಯಾವ ಕೊಳವೆಬಾವಿ ಬತ್ತಿತು ಎಂಬ ಲೆಕ್ಕವನ್ನು ತಪ್ಪದೆ ಬರೆದಿಡುವುದು ರೂಢಿಯಾಗಿದೆ. ಆ ಪೈರನ್ನು ಬಿತ್ತಿದಾತನು ರಾತ್ರಿ ನಿದ್ರೆ ಮಾಡುವನೆ, ಹೊತ್ತಿಗೆ ಸರಿಯಾಗಿ ಉಣ್ಣುವನೆ ಎಂಬುದಕ್ಕೆ ಮಾತ್ರ ಯಾವ ರಿಜಿಸ್ಟರಿನಲ್ಲಿಯೂ ಸ್ಥಳವಿಲ್ಲ. ವ್ಯವಸಾಯದ ಪತ್ರಿಕೆಗೆ ಈ ವಿಚಾರವೇಕೆಂದು ಕೆಲವರು ಕೇಳಬಹುದು. ಉತ್ತಮವಾದ ಬೀಜವನ್ನು ಒದಗಿಸಿಯೂ ಅದನ್ನು ಬಿತ್ತತಕ್ಕ ಮನುಷ್ಯನೇ ಕುಸಿದುಹೋದರೆ ಆ ಬೀಜದಿಂದ ಪ್ರಯೋಜನವೇನು?

ದನವು ಮೆಲುಕು ನಿಲ್ಲಿಸಿದ ದಿನವೇ ಅದಕ್ಕೆ ಕಾಯಿಲೆಯೆಂದು ನಮ್ಮ ರೈತರು ಗುರುತಿಸಬಲ್ಲರು. ನೆರೆಮನೆಯ ಯಜಮಾನನ ವಿಷಯದಲ್ಲಿ ಈ ಸೂಕ್ಷ್ಮದೃಷ್ಟಿ ಏಕೋ ಮಂದವಾಗುತ್ತದೆ. ದಿನವೂ ಅರಳಿಕಟ್ಟೆಗೆ ಬರುತ್ತಿದ್ದವನು ಬಾರದಿರುವುದು, ಡೈರಿಗೆ ಹಾಲನ್ನು ಮಗುವಿನ ಕೈಯಲ್ಲಿ ಕಳುಹಿಸಿ ತಾನು ಮುಖ ತೋರಿಸದಿರುವುದು, ಹೊತ್ತೇರಿದರೂ ಎತ್ತುಗಳನ್ನು ಬಿಚ್ಚದಿರುವುದು, ಕುಡಿಯದವನು ಕುಡಿಯತೊಡಗುವುದು, ತಾನು ಎಲ್ಲರಿಗೂ ಭಾರವಾದೆನೆಂದು ಆಡುವುದು, ಇವನ್ನು ಕಂಡವರು ಸುಮ್ಮನಿರತಕ್ಕದ್ದಲ್ಲ. "ಧೈರ್ಯ ತಂದುಕೊಳ್ಳಪ್ಪಾ" ಎಂದು ಹೇಳಿ ಎದ್ದುಬರುವುದೂ ಸಾಲದು. ಧೈರ್ಯವು ಕೇಳಿದಾಗ ಬರುವಂತಿದ್ದರೆ ಆತನೇ ತಂದುಕೊಳ್ಳುತ್ತಿದ್ದನು. ಜಗಲಿಯ ಮೇಲೆ ಅರ್ಧ ಘಂಟೆ ಕುಳಿತು, ಆತನು ಆಡುವುದನ್ನು ನಡುವೆ ಬಾಯಿ ಹಾಕದೆ ಕೇಳಬೇಕು. ಪ್ರಾಣ ಕಳೆದುಕೊಳ್ಳುವ ಯೋಚನೆಯೇನಾದರೂ ಬಂದಿದೆಯೇ ಎಂದು ನೇರವಾಗಿ ವಿಚಾರಿಸುವುದೂ ತಪ್ಪಲ್ಲ. ಕೇಳಿದರೆ ಇಲ್ಲದ ಯೋಚನೆ ಹುಟ್ಟೀತೆಂಬ ಭಯಕ್ಕೆ ಆಧಾರವಿಲ್ಲವೆಂದು ವೈದ್ಯರು ಹೇಳುತ್ತಾರೆ.

ಮನಸ್ಸಿನ ಸ್ಥಿತಿಯು ಬಹುಮಟ್ಟಿಗೆ ಹೊಟ್ಟೆಯನ್ನೂ ನಿದ್ರೆಯನ್ನೂ ಅವಲಂಬಿಸಿದೆ. ಕಷ್ಟಕಾಲದಲ್ಲಿ ಚಹ ಮತ್ತು ಬೀಡಿಯಲ್ಲೇ ಹಗಲು ಕಳೆಯುವವರು ಅನೇಕರು. ಅದರಿಂದ ಹಸಿವು ಅಡಗುವುದೇ ಹೊರತು ಶಕ್ತಿ ಬರುವುದಿಲ್ಲ, ರಾತ್ರಿಯ ನಿದ್ರೆಯೂ ಕೆಡುತ್ತದೆ. ಬೆಳಿಗ್ಗೆ ರಾಗಿ ಅಂಬಲಿ, ನಡುಹಗಲಿಗೆ ಉಪ್ಪು ಹಾಕಿದ ಮಜ್ಜಿಗೆ, ಬಿಸಿಲೇರುವ ಮೊದಲೇ ಮುಗಿಯುವ ಹೊಲದ ಕೆಲಸ, ಇವು ಬಡವರ ಕೈಗೂ ಎಟಕುವ ಕ್ರಮಗಳು. ಮನೆಯ ಹೆಂಗಸರ ವಿಷಯವಂತೂ ಇನ್ನೂ ಕಠಿಣ. ದೂರದಿಂದ ನೀರು ಹೊತ್ತು ತಂದು, ಸಾಲಗಾರರಿಗೆ ಬಾಗಿಲಲ್ಲಿ ನಿಂತು ಉತ್ತರ ಹೇಳಿ, ಎಲ್ಲರೂ ಉಂಡ ಮೇಲೆ ಉಳಿದುದನ್ನು ಉಣ್ಣುವವರು ಅವರೇ. ಅವರನ್ನು ವಿಚಾರಿಸುವವರು ಯಾರು?

ಇನ್ನು ಕ್ರಿಮಿನಾಶಕ ಔಷಧಿಗಳ ಮಾತು. ಇದು ನೇರವಾಗಿ ವ್ಯವಸಾಯಕ್ಕೆ ಸೇರಿದ್ದು. ಸಿಂಹಳದಲ್ಲಿ 1995ರ ಸುಮಾರಿಗೆ ಅತಿ ವಿಷಕಾರಿಯಾದ ಔಷಧಿಗಳನ್ನು ನಿಷೇಧಿಸಿದ ತರುವಾಯ, ಹತ್ತು ವರ್ಷಗಳೊಳಗೆ ಆತ್ಮಹತ್ಯೆಗಳು ಸರಿಸುಮಾರು ಅರ್ಧಕ್ಕೆ ಇಳಿದವು. ಬೆಳೆಯ ಇಳುವರಿಗೆ ಧಕ್ಕೆಯಾದುದು ಕಂಡುಬರಲಿಲ್ಲ. ಇದರಿಂದ ತಿಳಿಯುವುದೇನೆಂದರೆ, ಆ ಕೆಟ್ಟ ಗಳಿಗೆಯು ಅನೇಕರಲ್ಲಿ ಬಂದಷ್ಟೇ ಬೇಗ ದಾಟಿಹೋಗುತ್ತದೆ. ಆ ಹೊತ್ತಿಗೆ ವಿಷವು ಕೈಗೆ ಸಿಕ್ಕದಿದ್ದರೆ ಜೀವ ಉಳಿಯುತ್ತದೆ. ಆದಕಾರಣ ಔಷಧಿಯನ್ನು ಆಯಾ ಸಿಂಪರಣೆಗೆ ಬೇಕಾದಷ್ಟೇ ತರುವುದೂ, ತಂದುದನ್ನು ವಾಸದ ಮನೆಯಲ್ಲಿಡದೆ ಬೀಗ ಹಾಕಿ ಬೇರೆಡೆ ಇಡುವುದೂ ಅವಶ್ಯಕ. ಒಂದು ಮನೆಯಲ್ಲಿ ದುಃಖವಿದೆಯೆಂದು ತಿಳಿದಾಗ ಬೀಗದ ಕೈಯನ್ನು ಭೂಮಾಲಿಕರೇ ಕೆಲವು ದಿನ ತಮ್ಮಲ್ಲಿ ಇಟ್ಟುಕೊಂಡರೆ ತಪ್ಪಿಲ್ಲ.

ಸಾಲದ ವಿಷಯದಲ್ಲಿ ಭೂಮಾಲಿಕರು ಸ್ವಲ್ಪ ಕಟುವಾದ ಮಾತನ್ನು ಸೈರಿಸಬೇಕು. ನಮ್ಮ ರೈತನು ಬಡ್ಡಿಗೆ ಹೆದರುವುದಕ್ಕಿಂತ ಹತ್ತು ಜನರ ಎದುರಿನ ಅವಮಾನಕ್ಕೆ ಹೆಚ್ಚು ಹೆದರುತ್ತಾನೆ. ಸಂತೆಯಲ್ಲಿ ತಡೆದು ಕೇಳುವುದು, ಮಗಳ ಮದುವೆಯ ಚಪ್ಪರದಲ್ಲಿ ನೆನಪಿಸುವುದು, ಇವುಗಳಿಂದ ಹಣ ಬೇಗ ಬಂದುದನ್ನು ನಾನು ಕಂಡಿಲ್ಲ. ವಾಯಿದೆಯನ್ನು ಮುಂದಿನ ಸುಗ್ಗಿಗೆ ಹಾಕಿ, ಆ ಮಾತನ್ನು ಮನೆಯವರ ಎದುರಿಗೇ ಹೇಳಿಬಂದರೆ ಆ ಮನೆ ಅಂದು ನೆಮ್ಮದಿಯಿಂದ ಮಲಗುತ್ತದೆ. ವಂಶಪಾರಂಪರ್ಯದ ಪಟೇಲಿಕೆಯು 1961ರ ಕಾಯಿದೆಯಿಂದ ರದ್ದಾಯಿತು, ನಿಜ; ಊರಿನಲ್ಲಿ ಹಿರಿಯರ ಮಾತಿಗಿರುವ ತೂಕವನ್ನು ಯಾವ ಕಾಯಿದೆಯೂ ರದ್ದು ಮಾಡಿಲ್ಲ.

ಮನಸ್ಸಿನ ಕಾಯಿಲೆಯೂ ಕಾಯಿಲೆಯೇ, ಚಿಕಿತ್ಸೆಯಿಂದ ವಾಸಿಯಾಗತಕ್ಕದ್ದು. 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ಈ ಚಿಕಿತ್ಸೆಯಲ್ಲಿ ತರಬೇತಿ ಕೊಟ್ಟರು. ಆ ಪ್ರಯೋಗವೇ 1996ರಲ್ಲಿ ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. 2022ರ ಅಕ್ಟೋಬರಿನಿಂದ ಟೆಲಿ ಮಾನಸ್ ಎಂಬ ಸರ್ಕಾರಿ ದೂರವಾಣಿಯೂ ಏರ್ಪಟ್ಟಿದೆ. 14416ಕ್ಕೆ ಹಗಲಿರುಳು ಯಾವ ಹೊತ್ತಿನಲ್ಲಾದರೂ ಕರೆ ಮಾಡಿ, ಖರ್ಚಿಲ್ಲದೆ, ಕನ್ನಡದಲ್ಲಿಯೇ ಮಾತನಾಡಬಹುದು. ಈ ಅಂಕಿಯನ್ನು ಡೈರಿಯ ಗೋಡೆಯ ಮೇಲೂ ನ್ಯಾಯಬೆಲೆ ಅಂಗಡಿಯ ಬಾಗಿಲಿನಲ್ಲೂ ದಪ್ಪ ಅಕ್ಷರದಲ್ಲಿ ಬರೆಸುವುದಕ್ಕೆ ಒಂದು ಡಬ್ಬಿ ಬಣ್ಣ ಸಾಕು. ಆದರೆ ಆಸ್ಪತ್ರೆಗೆ ಹೋಗೆಂದು ಚೀಟಿ ಬರೆದುಕೊಟ್ಟರೆ ನೊಂದವನು ಹೋಗುವುದು ಅನುಮಾನ. ಊರ ಹಿರಿಯರೊಬ್ಬರು ಅದೇ ಬೆಳಗಿನ ಬಸ್ಸಿನಲ್ಲಿ ಆತನ ಪಕ್ಕದಲ್ಲಿ ಕುಳಿತು ಹೊರಟರೆ ಹೋಗುತ್ತಾನೆ.